ಆಪರೇಷನ್ ಮುಹೂರ್ತ ಇಡೋರು ಯಾರು?

ಮುಹೂರ್ತ ಇಡೋರು ಯಾರು ಅನ್ನುವ ಪ್ರಶ್ನೆ ನಮ್ಮ ಜನಕ್ಕೆ ಹೊಸದಲ್ಲ. ಮದುವೆಗೆ, ಬಿತ್ತನೆಗೆ, ಮನೆಗೆ ಪಾಯ ತೋಡೋದಕ್ಕೆ ಪಂಚಾಂಗ ಹಿಡಿದವನ ಬಾಯಿ ನೋಡಿಕೊಂಡು ಬಂದ ದೇಶ ಇದು. ನಮ್ಮ ಕೇರಿಗಳಿಗಂತೂ ಪಂಚಾಂಗವೂ ದಕ್ಕಲಿಲ್ಲ. ಗೌಡರ ಮನೆ ಗೇಮೆ ಮುಗಿದ ದಿನವೇ ನಮಗೆ ಶುಭದಿನ. ನೀರು ಅವರು ತುಂಬಿಕೊಂಡ ಮೇಲೆ ನಮಗೆ, ಊಟ ಅವರೆಲ್ಲ ಎದ್ದ ಮೇಲೆ ನಮಗೆ, ದೇವರ ಮುಖ ಅವರು ನೋಡಿ ಬಾಗಿಲು ಹಾಕಿದ ಮೇಲೆ ಹೊರಗಿನಿಂದ ನಮಗೆ. ಕಾಯೋದು ಈ ಜನಕ್ಕೆ ರಕ್ತಗತ ಎಂದು ಉಳ್ಳವರು ಹೇಳುತ್ತಾ ಬಂದರು. ರಕ್ತಗತವಲ್ಲ, ಅದು ತಲೆ ಮೇಲೆ ಹೊರಿಸಿದ್ದು.

ಇಲ್ಲಿ ನಾವು ಹೇಳಹೊರಟಿರುವುದು ಕಾಯುವಿಕೆಯ ಇನ್ನೊಂದು ಚರಿತ್ರೆಯನ್ನು. ಕ್ಯಾನ್ಸರ್ ಬಂದವರಿಗೆ ಆಪರೇಷನ್ ಯಾವ ದಿನ ಆಗುತ್ತದೆ? ಆ ದಿನವನ್ನು ಗೊತ್ತು ಮಾಡುವವರು ಯಾರು? ಆ ದಿನ ಹಿಂದುಮುಂದಾದರೆ ಐದು ವರ್ಷ, ಹತ್ತು ವರ್ಷ ಕಳೆದ ಮೇಲೆ ಯಾರು ಉಳಿದಿರುತ್ತಾರೆ, ಯಾರು ಮಣ್ಣಾಗಿರುತ್ತಾರೆ? ಕವಿತೆ, ಕತೆ ಅಚ್ಚಾಗುವ ಪುಟದಲ್ಲಿ ಗಂಟು ಗಡ್ಡೆಗಳ ಮಾತು ಯಾಕಪ್ಪ ಅಂತ ಕೆಲವರು ಕೇಳಬಹುದು. ಭೂಮಿ ಇಲ್ಲದವನಿಗೆ ಇರುವ ಒಂದೇ ಆಸ್ತಿ ಅವನ ಮೈ. ಆ ಆಸ್ತಿ ಯಾರ ಸರದಿಯಲ್ಲಿ ಕೊಳೆಯುತ್ತಾ ಬಿದ್ದಿದೆ ಎಂದು ಕೇಳುವುದು ಸಾಹಿತ್ಯದ ಕೆಲಸ ಅಲ್ಲದಿದ್ದರೆ ಅಂಥ ಸಾಹಿತ್ಯ ನಮಗೆ ಬೇಕಾಗಿಲ್ಲ.

*

ಮೊದಲು ದೊಡ್ಡವರ ಕತೆಯಿಂದಲೇ ಶುರು ಮಾಡೋಣ. 1811ರ ಸೆಪ್ಟೆಂಬರ್ 30, ಪ್ಯಾರಿಸ್ ನಗರ. ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಕಾದಂಬರಿಕಾರ್ತಿಯ ಮೊಲೆಯಲ್ಲಿ ಗಂಟು. ಕತ್ತಿ ಹಿಡಿದವನು ನೆಪೋಲಿಯನ್ನನ ಸೈನ್ಯದ ಸರ್ಜನ್ ಲಾರೆ. ಆಗಿನ್ನೂ ಅರಿವಳಿಕೆ ಬಂದಿರಲಿಲ್ಲ. ಎಚ್ಚರವಾಗಿದ್ದ ಹೆಂಗಸಿನ ಮೊಲೆಯನ್ನು ಕೊಯ್ದು ತೆಗೆದರು. ಅದನ್ನೆಲ್ಲ ಆಕೆ ಆಮೇಲೆ ತನ್ನ ಅಕ್ಕನಿಗೆ ಕಾಗದ ಬರೆದು ತಿಳಿಸಿದಳು. ಆ ಕಾಗದ ಇವತ್ತಿಗೂ ಇದೆ. ಅದರಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. ಆಪರೇಷನ್ ಯಾವತ್ತು ಅಂತ ಡಾಕ್ಟರುಗಳು ಆಕೆಗೆ ಹೇಳಲೇ ಇಲ್ಲ. ಮೊದಲೇ ಹೇಳಿದರೆ ಹೆದರಿ ಸಾಯುತ್ತಾಳೆ ಅಂತ ಗುಟ್ಟಾಗಿಟ್ಟರು. ಅವತ್ತೇ ಬೆಳಿಗ್ಗೆ ಹಾಸಿಗೆಯಲ್ಲಿದ್ದಾಗ ಕಾಗದ ಕೈಗೆ ಬಂತು. ಸ್ಥಿತಿವಂತೆ, ಹೆಸರುವಾಸಿ ಲೇಖಕಿ, ಗಂಡ ಜನರಲ್. ಅಂಥವಳ ಕೈಯಲ್ಲೂ ತನ್ನ ಮೈ ಕೊಯ್ಯುವ ತಾರೀಖು ಇರಲಿಲ್ಲ. ಆಕೆ ಬದುಕಿದಳು, ಮತ್ತೆ 28 ವರ್ಷ. ಅದು ಬೇರೆ ಮಾತು.

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಈಥರ್ ಮೂಸಿಸಿ ನೋವಿಲ್ಲದೆ ಕೊಯ್ದು ತೋರಿಸಿದರು. ನೋವು ಹೋಯಿತು, ಸರ್ಜನ್ನನ ದೊರೆತನ ಇನ್ನೂ ಹೆಚ್ಚಿತು. ಮಲಗಿದವರು ಮಾತಾಡುವುದಿಲ್ಲವಲ್ಲ! 1894ರಲ್ಲಿ ಅಮೆರಿಕದ ಹಾಲ್‌ಸ್ಟೆಡ್ ತನ್ನ ದೊಡ್ಡ ಆಪರೇಷನ್ನಿನ ಲೆಕ್ಕ ಪ್ರಕಟಿಸಿದ. ಮೊಲೆ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳ ಗಂಟುಗಳು ಎಲ್ಲವನ್ನೂ ಒಟ್ಟಿಗೆ ಬಾಚಿ ತೆಗೆಯುವ ವಿಧಾನ ಅದು. ಮುಂದೆ ಮುಕ್ಕಾಲು ಶತಮಾನ ಅದೇ ಶಾಸ್ತ್ರವಾಯಿತು. ಅದರ ಜೊತೆಗೆ ಒಂದು ಪದ್ಧತಿಯೂ ಬೆಳೆಯಿತು. ಗಂಟು ಅಂತ ಬಂದ ಹೆಂಗಸಿಗೆ ಅರಿವಳಿಕೆ ಕೊಟ್ಟು ಮಲಗಿಸುವುದು. ಒಂದು ಚೂರು ಕತ್ತರಿಸಿ ಅಲ್ಲೇ ಪರೀಕ್ಷೆಗೆ ಕಳಿಸುವುದು. ಕ್ಯಾನ್ಸರ್ ಅಂತ ಬಂದರೆ ಆಕೆಯನ್ನು ಎಬ್ಬಿಸದೆ, ಕೇಳದೆ, ಅದೇ ಮೇಜಿನ ಮೇಲೆ ಮೊಲೆ ತೆಗೆದುಬಿಡುವುದು. ಮಲಗುವಾಗ ತನಗೆ ರೋಗ ಇದೆಯೋ ಇಲ್ಲವೋ ಗೊತ್ತಿಲ್ಲ, ಏಳುವಾಗ ಮೊಲೆ ಇಲ್ಲ. ಇದಕ್ಕೆ ಡಾಕ್ಟರುಗಳು ಕೊಟ್ಟ ಕಾರಣ ಒಂದೇ: ತಡ ಮಾಡಬಾರದು.

1974ರಲ್ಲಿ ರೋಸ್ ಕುಶ್ನರ್ ಎಂಬ ಅಮೆರಿಕದ ಪತ್ರಕರ್ತೆ ಈ ಪದ್ಧತಿಗೆ ಒಪ್ಪಲಿಲ್ಲ. 'ಮೊದಲು ಪರೀಕ್ಷೆ ಮಾಡಿ, ನನಗೆ ತಿಳಿಸಿ, ಆಮೇಲೆ ನಾನು ತೀರ್ಮಾನ ಮಾಡುತ್ತೇನೆ' ಎನ್ನುವುದು ಆಕೆಯ ಹಠ. ಅಷ್ಟಕ್ಕೆ ಒಪ್ಪುವ ಸರ್ಜನ್ನನ್ನು ಹುಡುಕುವುದೇ ಆಕೆಗೆ ಸಾಕುಸಾಕಾಯಿತು. 1975ರಲ್ಲಿ ಪುಸ್ತಕ ಬರೆದಳು, ಸಭೆಗಳಲ್ಲಿ ಎದ್ದು ನಿಂತು ಡಾಕ್ಟರುಗಳ ಜೊತೆ ಜಗಳ ಆಡಿದಳು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ಸಮಿತಿ, ಪರೀಕ್ಷೆ ಒಂದು ದಿನ, ಆಪರೇಷನ್ ಇನ್ನೊಂದು ದಿನ, ನಡುವೆ ಹೆಂಗಸಿಗೆ ಯೋಚಿಸಲು ಬಿಡುವು ಇರಬೇಕು ಎಂದು ಹೇಳಿತು. ಆ ಕೆಲವು ದಿನಗಳ ಬಿಡುವಿನಿಂದ ಯಾರ ಆಯುಸ್ಸೂ ಕಡಿಮೆ ಆಗುವುದಿಲ್ಲ ಎಂಬುದು ಆ ಹೊತ್ತಿಗೆ ಡಾಕ್ಟರುಗಳಿಗೂ ಮನದಟ್ಟಾಗಿತ್ತು.

ಈ ಕತೆಯನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಬೇಗ ಕೊಯ್ಯುವುದೇ ನ್ಯಾಯ, ತಡವಾಗಿ ಕೊಯ್ಯುವುದೇ ಅನ್ಯಾಯ ಎಂದು ಒಂದೇ ಏಟಿಗೆ ಹೇಳಲಾಗುವುದಿಲ್ಲ. ಪ್ರಶ್ನೆ ಇರುವುದು ತಾರೀಖು ಯಾರ ಹಿಡಿತದಲ್ಲಿದೆ ಎನ್ನುವುದರಲ್ಲಿ. ಕುಶ್ನರ್ ಕೇಳಿದ್ದು ಕೆಲವು ದಿನಗಳ ಬಿಡುವು. ಅದೇ ದೇಶದಲ್ಲಿ, ಅದೇ ಕಾಲದಲ್ಲಿ, ಕೇಳದೆಯೇ ತಿಂಗಳುಗಟ್ಟಲೆ 'ಬಿಡುವು' ಸಿಕ್ಕ ಇನ್ನೊಂದು ಜನ ಇತ್ತು.

*

ನ್ಯೂಯಾರ್ಕಿನ ಹಾರ್ಲೆಮ್. ಕಪ್ಪು ಜನರ ಕೇರಿ ಅದು. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯ ವಿಶ್ವವಿದ್ಯಾಲಯ ಹಾರ್ಲೆಮ್‌ಗೆ ಅಂಟಿಕೊಂಡೇ ಇದೆ. 1946ರಲ್ಲಿ ಅವರು ಕಪ್ಪು ಜನರ ಚಿಂತಕ ಡು ಬಾಯ್ಸ್‌ಗೆ ಕಾಗದ ಬರೆದು, ನಿಮ್ಮ ಜನರ ಸ್ಥಿತಿಗೂ ನಮ್ಮ ಜನರ ಸ್ಥಿತಿಗೂ ಬಹಳ ಹೋಲಿಕೆ ಇದೆ ಎಂದು ಹೇಳಿದ್ದರು. 1966ರಲ್ಲಿ ಅಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. 1972ರಲ್ಲಿ ಮುಂಬೈಯ ನಮ್ಮ ಹುಡುಗರು ಆ ಹೆಸರನ್ನೇ ತಂದು ದಲಿತ ಪ್ಯಾಂಥರ್ ಕಟ್ಟಿದರು. ಪ್ಯಾಂಥರ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಬಂದೂಕು, ಬಿಗಿ ಮುಷ್ಟಿ ಇವೇ ನೆನಪು. ಅದೇ ಪಕ್ಷ ಊರೂರಲ್ಲಿ ಪುಕ್ಕಟೆ ದವಾಖಾನೆ ನಡೆಸಿತು, 1972ರಲ್ಲಿ ತನ್ನ ಹತ್ತು ಅಂಶಗಳ ಬೇಡಿಕೆಯೊಳಕ್ಕೆ ಪುಕ್ಕಟೆ ವೈದ್ಯವನ್ನೂ ಸೇರಿಸಿತು ಎನ್ನುವುದು ನಮ್ಮ ಭಾಷಣಗಳಲ್ಲಿ ಬರುವುದು ಕಮ್ಮಿ.

1967ರಲ್ಲಿ ಹೆರಾಲ್ಡ್ ಫ್ರೀಮನ್ ಎಂಬ ಕಪ್ಪು ಸರ್ಜನ್ ಹಾರ್ಲೆಮ್ ಆಸ್ಪತ್ರೆಗೆ ಬಂದರು. ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕತ್ತಿವಿದ್ಯೆ ಕಲಿತು ಬಂದವರು. ಕ್ಯಾನ್ಸರನ್ನು ಕೊಯ್ದು ನನ್ನ ಜನರನ್ನು ಉಳಿಸುತ್ತೇನೆ ಎಂದು ಬಂದವರಿಗೆ ಕಂಡದ್ದೇನು? ಬರುವ ಹೆಂಗಸರ ಮೊಲೆಗಳಲ್ಲಿ ಗಂಟು ಒಡೆದು ಹುಣ್ಣಾಗಿತ್ತು. ಕತ್ತಿಗೆ ಅಲ್ಲಿ ಕೆಲಸವೇ ಉಳಿದಿರಲಿಲ್ಲ. 1964ರಿಂದ 1986ರವರೆಗೆ ಆ ಆಸ್ಪತ್ರೆಗೆ ಮೊಲೆ ಕ್ಯಾನ್ಸರ್ ಅಂತ ಬಂದ 606 ರೋಗಿಗಳ ಲೆಕ್ಕವನ್ನು ಅವರು 1989ರಲ್ಲಿ ಪ್ರಕಟಿಸಿದರು. ನೂರಕ್ಕೆ 94 ಜನ ಕಪ್ಪು ಜನ. ಹೆಚ್ಚುಕಡಿಮೆ ಅರ್ಧ ಜನಕ್ಕೆ ವಿಮೆ ಇಲ್ಲ. ಅರ್ಧದಷ್ಟು ಜನ ಬಂದಾಗಲೇ ರೋಗ ಮೂರನೇ, ನಾಲ್ಕನೇ ಹಂತ ಮುಟ್ಟಿತ್ತು. ಮೊದಲ ಹಂತದಲ್ಲಿ ಬಂದವರು ನೂರಕ್ಕೆ 6 ಜನ ಮಾತ್ರ. ಐದು ವರ್ಷ ಬದುಕಿ ಉಳಿದವರು ನೂರಕ್ಕೆ 39.

ಯಾಕೆ ತಡವಾಗಿ ಬಂದರು? ಅಜ್ಞಾನ, ಮೂಢನಂಬಿಕೆ, ಸೋಮಾರಿತನ ಎಂದು ಹೇಳುವವರು ಅಲ್ಲೂ ಇದ್ದರು, ಇಲ್ಲೂ ಇದ್ದಾರೆ. ಫ್ರೀಮನ್ ಆ ಉತ್ತರವನ್ನು ಒಪ್ಪದೆ ಆಸ್ಪತ್ರೆಯ ದಾರಿಯನ್ನೇ ನೋಡಿದರು. ಗಂಟು ಕಂಡ ಬಡ ಹೆಂಗಸು ತುರ್ತು ಚಿಕಿತ್ಸೆಯ ಬಾಗಿಲಿಗೆ ಬರುತ್ತಾಳೆ. ಇದು ತುರ್ತು ಅಲ್ಲ, ಬೇರೆ ವಿಭಾಗಕ್ಕೆ ಹೋಗು ಅನ್ನುತ್ತಾರೆ. ಅಲ್ಲಿ ಹೋದರೆ ಸರ್ಕಾರಿ ನೆರವಿನ ಕಾರ್ಡು ಎಲ್ಲಿ ಅಂತ ಕೇಳುತ್ತಾರೆ. ಕಾರ್ಡಿಗೆ ಹೋದರೆ ದಾಖಲೆ ಸಾಲದು ಅನ್ನುತ್ತಾರೆ. ಮನೆಯಲ್ಲಿ ಮಕ್ಕಳು, ಕೆಲಸಕ್ಕೆ ಹೋಗದಿದ್ದರೆ ಕೂಲಿ ಇಲ್ಲ. ಅವಳು ಮತ್ತೆ ಬರುವ ಹೊತ್ತಿಗೆ ಗಂಟು ಒಡೆದಿರುತ್ತದೆ. ಆಗ ಅದು ತುರ್ತು! ಆಗ ಒಳಗೆ ಬಿಡುತ್ತಾರೆ! ಅವಳು ತಡ ಮಾಡಲಿಲ್ಲ, ಅವಳನ್ನು ತಡ ಮಾಡಿಸಿದರು. ಕನ್ನಡದಲ್ಲಿ ಈ ಎರಡು ಕ್ರಿಯಾಪದಗಳ ನಡುವೆ ಇರುವುದು ಒಂದು 'ಇಸು' ಪ್ರತ್ಯಯ ಮಾತ್ರ. ಒಂದು ಜನಾಂಗದ ಸಾವಿನ ಕಾರಣ ಆ ಪ್ರತ್ಯಯದಲ್ಲಿ ಅಡಗಿದೆ.

ಫ್ರೀಮನ್ 1979ರಲ್ಲಿ ಪುಕ್ಕಟೆ ತಪಾಸಣೆ ಕೇಂದ್ರ ತೆರೆದರು. ಅಷ್ಟು ಸಾಲದು ಅಂತ ಗೊತ್ತಾಯಿತು. ಗಂಟು ಪತ್ತೆ ಆದ ಮೇಲೂ ಆಪರೇಷನ್ ಮೇಜಿನವರೆಗೆ ಹೋಗುವ ದಾರಿಯಲ್ಲಿ ಹೆಂಗಸರು ಕಳೆದುಹೋಗುತ್ತಿದ್ದರು. 1990ರಲ್ಲಿ ಅವರು ಒಂದು ಸರಳ ಕೆಲಸ ಮಾಡಿದರು. ರೋಗಿಯ ಜೊತೆ ನಡೆಯಲು ಒಬ್ಬ ಮನುಷ್ಯರನ್ನು ನೇಮಿಸಿದರು. ಇಂಗ್ಲಿಷಿನಲ್ಲಿ ಅವರಿಗೆ ನ್ಯಾವಿಗೇಟರ್ ಅಂತ ಹೆಸರು, ಹಡಗಿಗೆ ದಾರಿ ತೋರಿಸುವವನ ಹೆಸರು. ನಮ್ಮ ಮಾತಲ್ಲಿ ಹೇಳಬೇಕಾದರೆ ಕೈಹಿಡಿದು ನಡೆಸುವವರು. ಅವರು ಡಾಕ್ಟರಲ್ಲ, ನರ್ಸೂ ಆಗಿರಬೇಕಿಲ್ಲ. ಕಾರ್ಡು ಮಾಡಿಸಬೇಕೇ, ಮಗು ನೋಡಿಕೊಳ್ಳಲು ಜನ ಬೇಕೇ, ಗುಮಾಸ್ತನ ಜೊತೆ ಜಗಳ ಆಡಬೇಕೇ, ಹೆದರಿದವಳ ಪಕ್ಕ ಕೂರಬೇಕೇ—ಅದು ಅವರ ಕೆಲಸ.

ಫಲ ಏನು? ಪರೀಕ್ಷೆಗೆ ಚೂರು ತೆಗೆಸಿಕೊಂಡ ಹೆಂಗಸರಲ್ಲಿ ಜೊತೆಗಾರರು ಇದ್ದವರಿಗೆ ನೂರಕ್ಕೆ 71 ಜನಕ್ಕೆ ನಾಲ್ಕು ವಾರದೊಳಗೆ ಆ ಕೆಲಸ ಆಯಿತು. ಜೊತೆಗಾರರು ಇಲ್ಲದವರಲ್ಲಿ ಅದು ನೂರಕ್ಕೆ 38 ಮಾತ್ರ. 1995ರಿಂದ 2000ದವರೆಗೆ ಅದೇ ಆಸ್ಪತ್ರೆಗೆ ಬಂದ 325 ರೋಗಿಗಳಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 70. ನೂರಕ್ಕೆ 39 ಎಲ್ಲಿ, 70 ಎಲ್ಲಿ! ಇದೆಲ್ಲ ಜೊತೆಗಾರರ ಪುಣ್ಯವೇ ಅಂತ ನಾವು ಹೇಳುವುದಿಲ್ಲ. ಪುಕ್ಕಟೆ ತಪಾಸಣೆಯ ಪಾಲು ಅದರಲ್ಲಿದೆ, ನಡುವಿನ ವರ್ಷಗಳಲ್ಲಿ ಬಂದ ಹೊಸ ಔಷಧಗಳ ಪಾಲೂ ಇದೆ. ಆದರೆ ಜನ ಅದೇ ಜನ, ಕೇರಿ ಅದೇ ಕೇರಿ, ಬಡತನ ಅದೇ ಬಡತನ. ಅವರ ರಕ್ತದಲ್ಲಿ ಏನೋ ದೋಷ ಇದೆ ಎಂದವರ ಬಾಯಿ ಮುಚ್ಚಿಸಲು ಇಷ್ಟು ಸಾಕು.

*

ಕಾಯುವುದರಿಂದ ಎಷ್ಟು ಸಾವು ಅನ್ನುವುದನ್ನು ಲೆಕ್ಕ ಹಾಕಿದವರೂ ಇದ್ದಾರೆ. 2020ರ ನವೆಂಬರ್‌ನಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಅಂಥ ಲೆಕ್ಕ ಬಂತು. ಬೇರೆಬೇರೆ ದೇಶಗಳ 34 ಅಧ್ಯಯನಗಳನ್ನು, 12 ಲಕ್ಷಕ್ಕೂ ಮೀರಿದ ರೋಗಿಗಳ ವಿವರವನ್ನು ಒಟ್ಟು ಸೇರಿಸಿ ನೋಡಿದ ಲೆಕ್ಕ. ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ನೂರಕ್ಕೆ 6ರಿಂದ 8ರಷ್ಟು ಏರುತ್ತದೆ. ಮೊಲೆ ಕ್ಯಾನ್ಸರಿನಲ್ಲಿ ಎಂಟು ವಾರ ತಡವಾದರೆ 17, ಹನ್ನೆರಡು ವಾರ ತಡವಾದರೆ 26. ಇದನ್ನು ತಪ್ಪಾಗಿ ತಿಳಿಯಬಾರದು. ನೂರು ಜನ ಕಾದರೆ ಎಂಟು ಜನ ಸತ್ತರು ಅಂತಲ್ಲ. ತಡವಿಲ್ಲದೆಯೂ ನೂರು ಜನ ಸಾಯಬೇಕಾಗಿದ್ದ ಕಡೆ ತಡದಿಂದ ನೂರಾ ಎಂಟು ಜನ ಸಾಯುತ್ತಾರೆ ಅಂತ. ಆ ಎಂಟು ಜನರ ಹೆಸರು ಯಾವ ಮರಣಪತ್ರದಲ್ಲೂ ಬೇರೆಯಾಗಿ ಬರುವುದಿಲ್ಲ. ಅಲ್ಲಿ 'ಕ್ಯಾನ್ಸರ್' ಎಂದು ಬರೆಯುತ್ತಾರೆ. 'ಸರದಿ' ಎಂದು ಬರೆಯುವುದಿಲ್ಲ.

ಕಾರಣ ಬಹಳ ಗೂಢವಾದದ್ದೇನಲ್ಲ. ಗಂಟು ಸುಮ್ಮನೆ ಕೂರುವುದಿಲ್ಲ, ಜೀವಕೋಶ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಒಂದು ದಿನ ಅವು ಕಂಕುಳ ಗಂಟಿಗೆ, ಕತ್ತಿನ ಗಂಟಿಗೆ ದಾಟುತ್ತವೆ. ಆಮೇಲೆ ರಕ್ತ ಹಿಡಿದು ಶ್ವಾಸಕೋಶ, ಈಲಿ, ಮೂಳೆ. ಕತ್ತಿಗೆ ಸಿಗುವುದು ಒಂದು ಕಡೆ ಕೂತ ರೋಗ ಮಾತ್ರ. ಆದ್ದರಿಂದಲೇ ಹತ್ತು ದಿನದ ಬಿಡುವು ಬೇರೆ, ಹತ್ತು ತಿಂಗಳ ಅಲೆದಾಟ ಬೇರೆ. ಪರೀಕ್ಷೆ ಸರಿಯಾಗಿ ಮುಗಿಯಲಿ ಅಂತ ಕೆಲವು ದಿನ ಕಾಯುವವರು ಗಾಬರಿಪಡಬೇಕಾಗಿಲ್ಲ. ಗಾಬರಿಪಡಬೇಕಾದವರು ಕಾಯಿಸುವವರು.

2020ರಲ್ಲೇ ಈ ಲೆಕ್ಕ ನಮ್ಮ ಮುಂದೆ ಮೈ ತಾಳಿ ನಿಂತಿತು. ಮಾರ್ಚ್‌ನಲ್ಲಿ ನಾಲ್ಕು ಗಂಟೆಯ ಗಡುವು ಕೊಟ್ಟು ದೇಶಕ್ಕೆ ಬೀಗ ಹಾಕಿದರು. ಬಸ್ಸಿಲ್ಲ, ರೈಲಿಲ್ಲ, ಕೂಲಿಯವರು ಹೆದ್ದಾರಿಯಲ್ಲಿ ನಡೆದರು. ಅವರ ನಡಿಗೆಯನ್ನು ಜಗತ್ತು ನೋಡಿತು. ಮನೆಯ ಮೂಲೆಯಲ್ಲಿ ಗಂಟು ಹಿಡಿದು ಕೂತವರನ್ನು ಯಾರೂ ನೋಡಲಿಲ್ಲ. ಆ ಮಾರ್ಚ್‌ನಿಂದ ಮೇವರೆಗೆ ದೇಶದ 41 ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಹೊಸದಾಗಿ ಹೆಸರು ಬರೆಸಿದ ರೋಗಿಗಳು ಹಿಂದಿನ ವರ್ಷಕ್ಕಿಂತ ನೂರಕ್ಕೆ 54ರಷ್ಟು ಕಮ್ಮಿ, ದೊಡ್ಡ ಆಪರೇಷನ್ನುಗಳು ನೂರಕ್ಕೆ 49ರಷ್ಟು ಕಮ್ಮಿ. ರೋಗ ಅರ್ಧಕ್ಕೆ ಇಳಿದಿತ್ತೇ? ಇಲ್ಲ ಕಣ್ರಪ್ಪ, ಬಸ್ಸು ನಿಂತಿತ್ತು. ಅದೇ ದಿನಗಳಲ್ಲಿ, ಮಾರ್ಚ್ 23ರಿಂದ ಏಪ್ರಿಲ್ 30ರವರೆಗೆ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 494 ಆಪರೇಷನ್ ಮಾಡಿದರು. ಆಪರೇಷನ್ ಆದ ಮೇಲೆ ಅವರಲ್ಲಿ ಒಬ್ಬರೂ ಸಾಯಲಿಲ್ಲ. ಮನಸ್ಸು ಮಾಡಿದರೆ ಬಾಗಿಲು ತೆಗೆದಿಡಬಹುದಿತ್ತು.

*

ಇನ್ನು ಡಾಕ್ಟರುಗಳ ಮುಹೂರ್ತದ ಕತೆ. ನಗಬೇಡಿ, ಅವರೂ ಒಳ್ಳೇ ದಿನ ಹುಡುಕಿದವರೇ. 2016ರಲ್ಲಿ ಸ್ವೀಡನ್ನಿನ ಸಂಶೋಧಕರು ಅನ್ನನಾಳದ ಕ್ಯಾನ್ಸರಿಗೆ ಆಪರೇಷನ್ ಆದ 1,748 ಜನರ ಲೆಕ್ಕ ತೆಗೆದರು. ಸೋಮವಾರ, ಮಂಗಳವಾರ ಕೊಯ್ಸಿಕೊಂಡವರಿಗಿಂತ ಬುಧವಾರದಿಂದ ಶುಕ್ರವಾರದೊಳಗೆ ಕೊಯ್ಸಿಕೊಂಡವರಲ್ಲಿ ಐದು ವರ್ಷದೊಳಗಿನ ಸಾವಿನ ಅಪಾಯ ನೂರಕ್ಕೆ 13ರಷ್ಟು ಹೆಚ್ಚು ಎಂದು ಕಂಡಿತು. ಸರ್ಜನ್ನೂ ಒಬ್ಬ ಕೆಲಸಗಾರ, ವಾರ ಕಳೆದಂತೆ ಅವನ ಕೈಯೂ ದಣಿಯುತ್ತದೆಯೇನೋ ಅನ್ನುವುದು ಒಂದು ಊಹೆ. ಆಮೇಲೆ ಹಾಲೆಂಡಿನವರು ತಮ್ಮ ದೇಶದ ಲೆಕ್ಕ ನೋಡಿದರೆ ವಾರದಿಂದ ವಾರಕ್ಕೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ತಕರಾರು ಮುಗಿದಿಲ್ಲ.

ಇದಕ್ಕಿಂತ ಸ್ವಾರಸ್ಯವಾದದ್ದು ಮುಟ್ಟಿನ ಲೆಕ್ಕ. 1989ರಲ್ಲಿ ಅಮೆರಿಕದ ರುಷೆಸ್ಕಿ ಎಂಬಾತ 44 ಹೆಂಗಸರ ವಿವರ ಇಟ್ಟು, ಮೊಲೆ ಕ್ಯಾನ್ಸರಿನ ಆಪರೇಷನ್ ತಿಂಗಳ ಚಕ್ರದ ಯಾವ ದಿನ ಆಯಿತು ಎನ್ನುವುದರ ಮೇಲೆ ರೋಗ ಮರಳುವುದು ನಿಂತಿದೆ ಎಂದ. 1991ರಲ್ಲಿ ರಾಜೇಂದ್ರ ಬಡ್ವೆ ಎಂಬ ನಮ್ಮ ದೇಶದ ಸರ್ಜನ್ನೂ ಅವರ ಜೊತೆಗಾರರೂ ಲಂಡನ್ನಿನ ಗೈಸ್ ಆಸ್ಪತ್ರೆಯ 249 ಹೆಂಗಸರ ಲೆಕ್ಕ ಕೊಟ್ಟರು. ಮುಟ್ಟಾದ ಮೂರನೇ ದಿನದಿಂದ ಹನ್ನೆರಡನೇ ದಿನದೊಳಗೆ ಆಪರೇಷನ್ ಆದವರಲ್ಲಿ ಹತ್ತು ವರ್ಷ ಬದುಕಿದವರು ನೂರಕ್ಕೆ 54, ಬೇರೆ ದಿನಗಳಲ್ಲಿ ಆದವರಲ್ಲಿ 84. ಮುಟ್ಟು ಅಂದರೆ ಹೊರಗೆ ಕೂರಿಸುವ, ಮುಟ್ಟಾದವಳನ್ನೂ ನಮ್ಮನ್ನೂ ಒಂದೇ ಮಡಿಕೋಲಿನಿಂದ ದೂರ ಇಟ್ಟ ಶಾಸ್ತ್ರದ ನಾಡಿನಿಂದ ಹೋದ ಒಬ್ಬ ಡಾಕ್ಟರು ಆ ಚಕ್ರವನ್ನೇ ಜೀವ ಉಳಿಸುವ ಕ್ಯಾಲೆಂಡರ್ ಆದೀತೇ ಅಂತ ಕೇಳಿದ್ದು ನಮಗೆ ಸಣ್ಣ ಮಾತಾಗಿ ಕಾಣುವುದಿಲ್ಲ. ಆದರೆ ವಿಜ್ಞಾನ ಪುರೋಹಿತಶಾಹಿ ಅಲ್ಲ, ತಾನು ಹೇಳಿದ್ದನ್ನು ತಾನೇ ಮತ್ತೆ ಪರೀಕ್ಷೆಗೆ ಇಡುತ್ತದೆ. ಮೊದಲೇ ದಿನ ಗುರುತು ಹಾಕಿಕೊಂಡು ಹೆಂಗಸರನ್ನು ಹಿಂಬಾಲಿಸಿ ನೋಡಿದ ಬ್ರಿಟನ್ನಿನ ಅಧ್ಯಯನದಲ್ಲಿ, 2008ರಲ್ಲಿ, ಆ ವ್ಯತ್ಯಾಸ ಸಿಗಲಿಲ್ಲ. ಪಂಚಾಂಗ ಇಟ್ಟವನು ಯಾವತ್ತಾದರೂ 'ನನ್ನ ಲೆಕ್ಕ ತಾಳೆ ಆಗಲಿಲ್ಲ' ಅಂತ ಅಚ್ಚು ಹಾಕಿಸಿದ್ದುಂಟೇ?

ಬಡ್ವೆ ಅಲ್ಲಿಗೇ ಬಿಡಲಿಲ್ಲ. ಮುಂಬೈಯ ಟಾಟಾ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮೊದಲು ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನಿನ ಒಂದೇ ಸೂಜಿ ಕೊಟ್ಟು ಸಾವಿರ ಹೆಂಗಸರಲ್ಲಿ ಪರೀಕ್ಷೆ ಮಾಡಿದರು. 2011ರಲ್ಲಿ ಬಂದ ಫಲ ಒಟ್ಟಾರೆ ಎಲ್ಲರಿಗೂ ಅಲ್ಲ, ಕಂಕುಳಿಗೆ ರೋಗ ದಾಟಿದವರಿಗೆ ಮಾತ್ರ ಸ್ವಲ್ಪ ಆಸರೆ ಕೊಟ್ಟಿತು. ಆಮೇಲೆ ಇನ್ನೊಂದು ಪರೀಕ್ಷೆ. ಕತ್ತಿ ಇಡುವುದಕ್ಕೆ ಏಳರಿಂದ ಹತ್ತು ನಿಮಿಷ ಮೊದಲು ಗಂಟಿನ ಸುತ್ತ ಲಿಗ್ನೋಕೇನ್ ಚುಚ್ಚುವುದು. ಹಲ್ಲು ಕೀಳುವಾಗ ಒಸಡಿಗೆ ಕೊಡುತ್ತಾರಲ್ಲ, ಅದೇ ಔಷಧ. ದೇಶದ 11 ಆಸ್ಪತ್ರೆಗಳಲ್ಲಿ 1,600 ಹೆಂಗಸರು ಇದರಲ್ಲಿ ಸೇರಿದರು. 2023ರಲ್ಲಿ ಅಚ್ಚಾದ ಫಲದ ಪ್ರಕಾರ ಐದು ವರ್ಷ ಬದುಕಿದವರು ಚುಚ್ಚಿಸಿಕೊಳ್ಳದವರಲ್ಲಿ ನೂರಕ್ಕೆ 86.4, ಚುಚ್ಚಿಸಿಕೊಂಡವರಲ್ಲಿ 90.1. ಕತ್ತಿ ತಾಗುವ ಗಳಿಗೆಯಲ್ಲಿ ಕೆಲವು ಜೀವಕೋಶ ಬೆದರಿ ರಕ್ತಕ್ಕೆ ಹಾರುತ್ತವೆ, ಮರಗಟ್ಟಿಸಿದರೆ ಹಾರುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಅಗ್ಗದ ಹಳೇ ಔಷಧ, ಹತ್ತು ನಿಮಿಷ. ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ. ಲಾಭ ಇಲ್ಲದ ಮದ್ದನ್ನು ಮಾರಲು ಕಂಪನಿಯವನು ಊರೂರು ತಿರುಗುವುದಿಲ್ಲ. ಅದನ್ನು ಕೇಳಿ ಪಡೆಯುವ ಜನ ನಾವಾಗಬೇಕು.

ಈ ಹುಡುಕಾಟದಿಂದ ನಮಗೆ ತಿಳಿಯುವುದು ಇಷ್ಟು. ಆಪರೇಷನ್ನಿನ ಗಳಿಗೆಗೆ ಬೆಲೆ ಇದೆ. ವಾರ, ತಿಥಿಗಳ ಲೆಕ್ಕ ತಕರಾರಿನದು. ತಕರಾರೇ ಇಲ್ಲದ ಲೆಕ್ಕ ತಿಂಗಳುಗಟ್ಟಲೆ ಕಾಯಿಸುವುದರದು. ಆ ತಿಂಗಳುಗಳು ಯಾರ ಪಾಲಿಗೆ ಬೀಳುತ್ತವೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಿಳಿಯಲಾಗುವುದಿಲ್ಲ. ಆಸ್ಪತ್ರೆಯ ಜಗಲಿ ಮೇಲೆ ಬುತ್ತಿಗಂಟು ತಲೆದಿಂಬು ಮಾಡಿಕೊಂಡು ಮಲಗಿದವರನ್ನು ನೋಡಬೇಕು.

*

ಈಗ ನಮ್ಮ ನೆಲಕ್ಕೆ ಬರೋಣ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಶುರುವಾದದ್ದು 1973ರಲ್ಲಿ. ಬೀದರಿನಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 700 ಕಿಲೋಮೀಟರು. ಅಲ್ಲಿಯ ಒಬ್ಬ ಕೂಲಿ ಹೆಂಗಸಿಗೆ ಆ ದೂರ ಕಿಲೋಮೀಟರಿನದಲ್ಲ, ಕಳೆದುಕೊಳ್ಳುವ ಕೂಲಿಯದು. 'ಸುಗ್ಗಿ ಮುಗೀಲಿ, ಆಮ್ಯಾಕೆ ಹೋಗಾನ', 'ಮಗಳ ಮದುವೆ ಆಗಲಿ', 'ಸಂಘದ ಸಾಲ ಸಿಗಲಿ'. ನಮ್ಮ ಅವ್ವಂದಿರ ಆಪರೇಷನ್ ಮುಹೂರ್ತ ಇಡುವ ಪಂಚಾಂಗ ಇದು. ಎಲೆ ಅಡಿಕೆ ಹೊಗೆಸೊಪ್ಪು ಹಾಕಿ ಹಸಿವು ಮರೆತ ಬಾಯಲ್ಲಿ ಹುಣ್ಣು ಬಿದ್ದರೆ ಉಪ್ಪುನೀರು ಮುಕ್ಕಳಿಸುತ್ತಾರೆ. ಬಿಳಿಸೆರಗು ಹೋದರೆ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಖರ್ಚು.

2010ರಲ್ಲಿ ಈ ರಾಜ್ಯದಲ್ಲಿ ಒಂದು ಪ್ರಯೋಗ ನಡೆಯಿತು. ಪ್ರಯೋಗ ಅಂತ ಯಾರೂ ಕರೆಯಲಿಲ್ಲ, ವಾಜಪೇಯಿ ಆರೋಗ್ಯಶ್ರೀ ಅಂತ ಯೋಜನೆ. ಹೆಸರು ಯಾವ ಪಕ್ಷದವರದಾದರೂ ಇರಲಿ, ನಾವು ನೋಡಬೇಕಾದದ್ದು ಫಲವನ್ನು. ಬಿ.ಪಿ.ಎಲ್. ಕಾರ್ಡಿನವರಿಗೆ ಕ್ಯಾನ್ಸರ್, ಹೃದಯರೋಗದಂಥ ದೊಡ್ಡ ಕಾಯಿಲೆಗಳಿಗೆ ದುಡ್ಡಿಲ್ಲದೆ ಚಿಕಿತ್ಸೆ. ಹಳ್ಳಿಗಳ ಕಡೆ ತಪಾಸಣೆ ಶಿಬಿರ. ಆಸ್ಪತ್ರೆಯಲ್ಲಿ ಕಾಗದಪತ್ರ ನೋಡಿಕೊಳ್ಳಲು ಆರೋಗ್ಯಮಿತ್ರ ಎಂಬ ಒಬ್ಬ ಮನುಷ್ಯ. ಹಾರ್ಲೆಮ್‌ನ ಜೊತೆಗಾರರನ್ನು ನೆನಪು ಮಾಡಿಕೊಳ್ಳಿ. ಯೋಜನೆ ಮೊದಲು ಉತ್ತರದ ಜಿಲ್ಲೆಗಳಿಗೆ ಬಂತು, ದಕ್ಷಿಣಕ್ಕೆ ಆಮೇಲೆ. ಹಾಗಾಗಿ ಒಂದು ಗೆರೆಯ ಆಚೆಗೆ ಯೋಜನೆ ಇದ್ದ ಹಳ್ಳಿಗಳು, ಈಚೆಗೆ ಇನ್ನೂ ಬರದ ಹಳ್ಳಿಗಳು. ಸಂಶೋಧಕರು ಆಚೆ 300, ಈಚೆ 272 ಹಳ್ಳಿಗಳ ಮನೆಮನೆ ತಿರುಗಿ ಸಾವಿನ ಲೆಕ್ಕ ತೆಗೆದರು. 2014ರಲ್ಲಿ ಅದು ಪ್ರಕಟವಾಯಿತು. ಯೋಜನೆಯೊಳಗೆ ಬರುವ ಕಾಯಿಲೆಗಳಿಂದ ಸತ್ತ ಬಡವರು ಈಚೆಯ ಹಳ್ಳಿಗಳಲ್ಲಿ ನೂರಕ್ಕೆ 0.90, ಆಚೆಯ ಹಳ್ಳಿಗಳಲ್ಲಿ 0.32. ಸಾವು ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಕ್ಯಾನ್ಸರ್ ಒಂದಕ್ಕೇ ಸೇರಿದ ಲೆಕ್ಕವಲ್ಲ ಇದು. ಆದರೆ ಇನ್ನೊಂದು ಮಾತು ಗಮನಿಸಿ. ಬಿ.ಪಿ.ಎಲ್. ಅಲ್ಲದ, ಯೋಜನೆಗೆ ಸೇರದ ಸ್ಥಿತಿವಂತರ ಸಾವಿನಲ್ಲಿ ಗೆರೆಯ ಎರಡೂ ಕಡೆ ವ್ಯತ್ಯಾಸ ಇರಲಿಲ್ಲ. ನೆಲ ಒಂದೇ, ನೀರು ಒಂದೇ, ಗಾಳಿ ಒಂದೇ. ಬಡವನ ಸಾವು ಮಾತ್ರ ಒಂದು ಕಾರ್ಡಿನ ಗೆರೆಯಿಂದ ಬದಲಾಯಿತು.

2018ರಲ್ಲಿ ಆ ಯೋಜನೆಗಳೆಲ್ಲ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಹೆಸರಿನಲ್ಲಿ ಒಂದಾದವು. ಕಾರ್ಡು ಇದ್ದರೆ ಕೊಯ್ಯುವ ಖರ್ಚು ಸರ್ಕಾರದ್ದು. ಕಾಯುವ ಖರ್ಚು ಮಾತ್ರ ಇವತ್ತಿಗೂ ರೋಗಿಯದ್ದೇ. ಬಸ್ಸಿನ ಚಾರ್ಜು, ಜೊತೆಗೆ ಬಂದವರ ಊಟ, ಕಳೆದ ಕೂಲಿ, 'ನಾಳೆ ಬಾ' ಅನ್ನಿಸಿಕೊಂಡ ದಿನಗಳು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಹೆಸರು ಆದರೆ ಗಂಟು ಕಾಯುವುದಿಲ್ಲ, ಗುಮಾಸ್ತ ಮಾತ್ರ ಕಾಯಿಸುತ್ತಾನೆ.

*

ಗೆಳೆಯರೇ, ನಮ್ಮ ಹೋರಾಟ ಭೂಮಿಗೆ, ಬಾವಿಗೆ, ದೇವಸ್ಥಾನದ ಬಾಗಿಲಿಗೆ, ಹಾಸ್ಟೆಲ್ಲಿನ ಅನ್ನಕ್ಕೆ ನಡೆದಿದೆ. ತಾರೀಖಿಗೂ ನಡೆಯಬೇಕು. ಇದು ಡಾಕ್ಟರುಗಳ ಮೇಲಿನ ದ್ವೇಷವಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹಗಲೂರಾತ್ರಿ ನಿಂತು ಕೊಯ್ಯುವ ಕೈಗಳೂ ದುಡಿಯುವ ಕೈಗಳೇ. ಆ ಕೈಗಳ ಸಂಖ್ಯೆ ಹೆಚ್ಚಲಿ, ಮೇಜುಗಳ ಸಂಖ್ಯೆ ಹೆಚ್ಚಲಿ. ಅದರ ಜೊತೆಗೆ ನಾವು ಕೇಳುವುದು ನಾಲ್ಕೇ ನಾಲ್ಕು.

ಒಂದು, ಪರೀಕ್ಷೆಯ ಫಲ ಬಂದ ದಿನವೇ ಆಪರೇಷನ್ನಿನ ತಾರೀಖನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆದು ಕೊಡಬೇಕು, ಅದು ಮುಂದೆ ಹೋದರೆ ಕಾರಣವನ್ನೂ ಬರೆಯಬೇಕು. ಎರಡು, ಎಷ್ಟು ಜನ ನಾಲ್ಕು ವಾರಕ್ಕೂ ಹೆಚ್ಚು ಕಾದರು ಎನ್ನುವ ಲೆಕ್ಕವನ್ನು ಪ್ರತಿ ಆಸ್ಪತ್ರೆ ತಿಂಗಳಿಗೊಮ್ಮೆ ಗೋಡೆಗೆ ಅಂಟಿಸಬೇಕು, ಅವರು ಯಾವ ಜಿಲ್ಲೆ, ಯಾವ ಜಾತಿ, ಯಾವ ಕೂಲಿ ಎನ್ನುವುದೂ ಆ ಲೆಕ್ಕದಲ್ಲಿರಬೇಕು. ಮೂರು, ಕೈಹಿಡಿದು ನಡೆಸುವ ಜೊತೆಗಾರರು ಕೌಂಟರಿನ ಹಿಂದೆ ಕೂರದೆ ಹಳ್ಳಿಯಿಂದಲೇ ರೋಗಿಯ ಜೊತೆ ಹೊರಡಬೇಕು, ಅವರು ನಮ್ಮ ಕೇರಿಗಳ ಓದಿದ ಹುಡುಗ ಹುಡುಗಿಯರಾಗಿರಬೇಕು, ಅವರಿಗೆ ಸರಿಯಾದ ಸಂಬಳ ಇರಬೇಕು. ನಾಲ್ಕು, ಆಪರೇಷನ್ನಿಗೆ ಬಂದ ಕೂಲಿಯವರಿಗೂ ಅವರ ಜೊತೆಯವರಿಗೂ ಆ ದಿನಗಳ ಕೂಲಿ ಕಟ್ಟಿಕೊಡಬೇಕು.

ಇದರಲ್ಲಿ ಯಾವುದೂ ಪವಾಡವಲ್ಲ. ಹಾರ್ಲೆಮ್‌ನ ಕಪ್ಪು ಜನ ಮಾಡಿ ತೋರಿಸಿದ್ದು, ನಮ್ಮದೇ ರಾಜ್ಯದ ಹಳ್ಳಿಗಳಲ್ಲಿ ಅರ್ಧಂಬರ್ಧ ಆಗಿಯೂ ಫಲ ಕೊಟ್ಟದ್ದು. ಹಣೆಬರಹ ಅಂತ ನಮ್ಮ ಅವ್ವಂದಿರು ಯಾವುದನ್ನು ಕರೆಯುತ್ತಾ ಬಂದರೋ ಅದರಲ್ಲಿ ಎಷ್ಟೋ ಪಾಲು ಆಸ್ಪತ್ರೆಯ ರಿಜಿಸ್ಟರಿನ ಬರಹ. ಬ್ರಹ್ಮ ಬರೆದದ್ದನ್ನು ಅಳಿಸಲು ಆಗುವುದಿಲ್ಲವಂತೆ. ಗುಮಾಸ್ತ ಬರೆದದ್ದನ್ನು ಅಳಿಸಬಹುದು. ಓದಲು ಕಲಿತ ಮೊದಲ ತಲೆಮಾರಿನವರು ನಾವು. ಆ ರಿಜಿಸ್ಟರನ್ನು ತೆರೆಸಿ ಓದೋಣ.